ನೀರು ಸೋರದ ಟೊಪ್ಪಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲ, ಅಷ್ಟು ಹಿಂದೆ, ಗಾಳಿಮಟ್ಟಿ ಅಂತ ಒಂದು ಊರಿತ್ತಂತೆ. ಊರ ತುಂಬ ಕುರಿ ಕಾಯೋರು. ಗುಡ್ಡದ ಮೇಲೆ ಹಗಲೆಲ್ಲ ಜಿಟಿಜಿಟಿ ಸೋನೆ, ತಲೆ ನೆನೆದ್ರೆ ಜ್ವರ, ಅದಕ್ಕೇ ಅಲ್ಲೊಂದು ಪದ್ಧತಿ ಇತ್ತಂತೆ. ಮದುವೆ ಗೊತ್ತಾದ ಹುಡುಗಿ ತನ್ನ ಹುಡುಗನಿಗೆ ಕುರಿ ಉಣ್ಣೆ ಟೊಪ್ಪಿ ಹೆಣೀಬೇಕು, ಆಮೇಲೆ ಅದನ್ನ ಅಂಟುವಾಳ ಹಾಕಿ ಕುದಿಸಬೇಕು, ಬಂಡೆ ಮೇಲೆ ಉಜ್ಜಿ ಉಜ್ಜಿ ಎಳೆಗೆ ಎಳೆ ಸೇರಿ ಒಂದೇ ದಪ್ಪ ಕಂಬಳಿ ಥರ ಆಗೋ ಹಂಗೆ ಮಾಡಬೇಕು. ಆಮೇಲೆ ಹುಡುಗನ ಅಪ್ಪ ಬಂದು, ಮಗನ್ನ ಕೂರಿಸಿ, ಅವನ ತಲೆ ಮೇಲೆ ಟೊಪ್ಪೀನ ಬಟ್ಟಲ ಹಂಗೆ ಹಿಡಿದು, ಒಂದು ಚೆಂಬು ನೀರು ಹುಯ್ತಾನೆ. ಒಂದು ಹನಿ ಸೋರಬಾರದು. ಮೂರು ಸೋಮವಾರ ಅವಕಾಶ. ಮೂರನೇ ಸೋಮವಾರವೂ ಸೋರ್ತೋ, ವೀಳ್ಯ ವಾಪಸ್ಸು, ಮದುವೆ ಇಲ್ಲ. ಇದೆಂಥ ಪದ್ಧತಿ ಅಂತ ನನ್ನ ಕೇಳಬೇಡ ಪುಟ್ಟಿ, ನಾನು ಮಾಡಿದ್ದಲ್ಲ. ಸುಮ್ನೆ ಮಲಕ್ಕೊಂಡು ಕೇಳು.

ಆ ಊರಲ್ಲಿ ಹಾಲವ್ವ ಅಂತ ಒಬ್ಬಳು ಹುಡುಗಿ. ಏಳು ವರ್ಷದವಳಿದ್ದಾಗಲೇ ಅವ್ವ ತೀರಿಕೊಂಡಿದ್ಲು, ಇದ್ದಿದ್ದು ಅಪ್ಪ ಕಾಟಪ್ಪ ಒಬ್ಬನೇ. ಆಚೆ ಹಟ್ಟಿಯ ಮೈಲಾರಿ ಜೊತೆ ಅವಳಿಗೆ ವೀಳ್ಯ ಆಗಿತ್ತಂತೆ. ಮೈಲಾರಿ ಅಂದ್ರೆ ಅವಳಿಗೆ ಪ್ರಾಣ. ಅವನನ್ನ ಬಿಟ್ಟು ಇನ್ನೊಬ್ಬನ ಮನೆ ಹೊಸ್ತಿಲು ತುಳಿಯೋದು ಅವಳ ಕನಸಲ್ಲೂ ಇರಲಿಲ್ಲ. ಟೊಪ್ಪಿ ಬಗ್ಗೆ ಅವಳಿಗೆ ಹೆದರಿಕೆನೂ ಇರಲಿಲ್ಲವಂತೆ, ಯಾಕಂದ್ರೆ ಅವ್ವ ಒಂದು ದಾರ ಬಿಟ್ಟುಹೋಗಿದ್ಲು. ಆ ದಾರದ ಒಂದು ಕಡೆ ಎಷ್ಟು ಕುಣಿಕೆ ಹಾಕಬೇಕೋ ಅಷ್ಟು ಗಂಟು, ಇನ್ನೊಂದು ಕಡೆ ಎಷ್ಟು ಸಾಲು ಹೆಣೀಬೇಕೋ ಅಷ್ಟು ಗಂಟು. ಅವ್ವನ ಟೊಪ್ಪಿ ಅಂದ್ರೆ ಏಳು ಹಟ್ಟಿಗೂ ಹೆಸರಾಗಿತ್ತು.

ಹಾಲವ್ವ ಬಿದಿರು ಕಡ್ಡಿ ಹಿಡಿದು, ದಾರದ ಗಂಟು ಎಣಿಸಿ ಕುಣಿಕೆ ಹಾಕಿದ್ಲಂತೆ. ಹಾಕಿ ನೋಡಿದ್ರೆ ಟೊಪ್ಪಿ ಬಾಯಿ ರೊಟ್ಟಿ ಬುಟ್ಟಿಯಷ್ಟಗಲ. ಇದೇನು, ಅವ್ವ ಯಾರದ್ದೋ ಬುಂಡೆ ತಲೆಗೆ ಹೆಣೆದ ಲೆಕ್ಕ ಇರಬೇಕು, ನನ್ನ ಮೈಲಾರಿಗೆ ಅಷ್ಟು ದೊಡ್ಡ ತಲೆ ಎಲ್ಲಿದೆ ಅಂದ್ಕೊಂಡು, ಅದನ್ನ ಬಿಚ್ಚಿ, ಮೈಲಾರಿ ತಲೆಗೆ ನೂಲು ಸುತ್ತಿ ಅಳತೆ ತಗೊಂಡು, ಸರಿಯಾಗಿ ಅಷ್ಟಕ್ಕೇ ಹೆಣೆದ್ಲಂತೆ. ಎಷ್ಟು ಚೆಂದ ಕೂತಿತ್ತು ಅಂತೀಯ ಅವನ ತಲೆ ಮೇಲೆ! ಆಮೇಲೆ ಕುದಿಯೋ ನೀರಿಗೆ ಹಾಕಿದ್ಲು, ಉಜ್ಜಿದ್ಲು, ಮತ್ತೆ ಹಾಕಿದ್ಲು, ಮತ್ತೆ ಉಜ್ಜಿದ್ಲು. ಸೋಮವಾರ ಬೆಳಿಗ್ಗೆ ಕೋಲಲ್ಲಿ ಎತ್ತಿ ನೋಡ್ತಾಳೆ, ಟೊಪ್ಪಿ ತೆಂಗಿನ ಚಿಪ್ಪಿನಷ್ಟಾಗಿತ್ತು. ತಪ್ಪಲೆಯಲ್ಲಿ ಇನ್ನೊಂದಿದೆಯೇನೋ ಅಂತ ಕೈಯಾಡಿಸಿ ಹುಡುಕಿದ್ಲಂತೆ ಪಾಪ. ಮೈಲಾರಿ ಅಪ್ಪ ದ್ಯಾವಪ್ಪ ಬಂದವನು ಅದನ್ನ ತನ್ನ ಮುಷ್ಟಿ ಮೇಲೆ ಹಾಕಿ ನೋಡಿದನಂತೆ. ಇದನ್ನ ನನ್ನ ಮಗನಿಗೆ ಹಾಕೋಣವೋ ಮೊಣಕಾಲಿಗೆ ಹಾಕೋಣವೋ ತಂಗಿ ಅಂದನಂತೆ.

ಆಮೇಲೆ ಎರಡನೇ ವಾರ. ಈ ಸಲ ಅವ್ವನ ದಾರದ ಲೆಕ್ಕ ಒಂದು ಗಂಟೂ ತಪ್ಪಬಾರದು ಅಂತ ಎಣಿಸಿ ಎಣಿಸಿ ಹೆಣೆದ್ಲಂತೆ. ಆದ್ರೆ ಒಳಗೊಂದು ಹೆದರಿಕೆ ಹೊಕ್ಕಿತ್ತಲ್ಲ, ನೀರು ಸೋರಬಾರದು ಅಂದ್ರೆ ಬಿಗಿಯಾಗಿರಬೇಕು ಅಂತ ಸಣ್ಣ ಕಡ್ಡಿ ತಗೊಂಡು, ಒಂದೊಂದು ಕುಣಿಕೆನೂ ಹಲ್ಲು ಕಚ್ಚಿ ಎಳೆದು ಎಳೆದು ಬಿಗಿದ್ಲಂತೆ. ಕುದಿಸಿ ಉಜ್ಜಿ ತೆಗೆದ್ರೆ, ತಲೆಗೆ ಸರಿಯಾಗಿ ಕೂತಿತು. ಅಬ್ಬ, ಗೆದ್ದೆ ಅಂದ್ಕೊಂಡ್ಲು. ದ್ಯಾವಪ್ಪ ಬಂದ, ಮೈಲಾರೀನ ಕೂರಿಸಿದ, ಟೊಪ್ಪಿ ಹಿಡಿದ, ಚೆಂಬು ಬಗ್ಗಿಸಿದ. ಜರಡಿಗೆ ಹುಯ್ದಂಗೆ ನೀರೆಲ್ಲ ಮೈಲಾರಿ ಮುಖದ ಮೇಲೆ. ಪಾಪ, ಅವನು ಕಣ್ಣು ಮುಚ್ಕೊಂಡು, ಎರಡೇ ಎರಡು ಹನಿ ಬಿದ್ದಿದ್ದು ಅಪ್ಪ ಅಂದನಂತೆ, ಮೂಗಿಂದ ನೀರು ತೊಟ್ಟಿಕ್ಕುತ್ತಾ. ಅವ್ವನ ಲೆಕ್ಕವೇ ಸುಳ್ಳಾಯ್ತಲ್ಲ, ಇನ್ಯಾರನ್ನ ನಂಬಲಿ ಅಂತ ಹಾಲವ್ವ ಒಲೆ ಮುಂದೆ ಹೋಗಿ ಕೂತು ಅತ್ಲಂತೆ.

ನೋಡು, ಇನ್ನೊಂದೇ ಸೋಮವಾರ ಉಳಿದಿತ್ತು. ಒಲೆ ಮೇಲಿನ ಅಂಬಲಿ ಉಕ್ತಾ ಇತ್ತಂತೆ. ಅಳ್ತಾನೇ ಎದ್ದು, ದಿನಾ ಹಿಡಿಯೋ ಮಸಿಬಟ್ಟೆ ಹಿಡಿದು ಗಡಿಗೆ ಇಳಿಸಿದ್ಲು. ಕಾಟಪ್ಪ ಪಕ್ಕ ಕೂತವನು, ನಿಮ್ಮವ್ವನೂ ಹಿಂಗೇ ಉಣ್ಣೆ ದಂಡ ಮಾಡ್ತಿದ್ಲು ಕಣವ್ವ, ಟೊಪ್ಪಿ ಹೆಣಿಯೋಕೆ ಮುಂಚೆ ಎರಡು ಅಂಗೈಯಷ್ಟಗಲ ತುಂಡು ಹೆಣೆದು ಕುದಿಸಿ ಕೂರ್ತಿದ್ಲು, ಯಾಕೆ ಅಂತ ನಾನು ಬೈದ್ರೆ ಮಸಿಬಟ್ಟೆ ಆಗುತ್ತೆ ಬಿಡಿ ಅಂತಿದ್ಲು ಅಂದನಂತೆ.

ಹಾಲವ್ವ ಕೈಯಲ್ಲಿದ್ದ ಮಸಿಬಟ್ಟೆ ನೋಡ್ತಾಳೆ. ಹತ್ತು ವರ್ಷದಿಂದ ಎರಡು ಹೊತ್ತೂ ಗಡಿಗೆ ಇಳಿಸಿದ್ದು ಅದರಲ್ಲೇ, ಒಂದು ದಿನ ತಿರುಗಿಸಿ ನೋಡಿದವಳಲ್ಲ. ಮಸಿ ಕೆರೆದು ನೋಡಿದ್ರೆ ಉಣ್ಣೆ, ದಪ್ಪ, ಒಂದು ತೂತಿಲ್ಲ. ಅಂಚಲ್ಲಿ ಒಂದು ಪುಟ್ಟ ದಾರ. ದಾರದಲ್ಲಿ ಗಂಟು. ಒಂದು ಕಡೆ ಅಗಲಕ್ಕೆ ಹತ್ತು ಗಂಟು, ಇನ್ನೊಂದು ಕಡೆ ಉದ್ದಕ್ಕೂ ಹತ್ತು, ಒಂದೊಂದು ಬೆರಳಗಲಕ್ಕೆ ಒಂದೊಂದು ಗಂಟಿನ ಲೆಕ್ಕ. ಬೆರಳಿಟ್ಟು ಅಳೆದ್ರೆ ತುಂಡು ಈಗ ಇರೋದು ಅಗಲಕ್ಕೆ ಏಳು ಬೆರಳು, ಉದ್ದಕ್ಕೆ ಆರೇ ಬೆರಳು. ಕುದಿಸೋಕೆ ಮುಂಚೆ ಎಷ್ಟಿತ್ತು ಅಂತ ಅವ್ವ ಗಂಟಲ್ಲಿ ಬರೆದಿಟ್ಟಿದ್ಲು, ಕುದ್ದಮೇಲೆ ಎಷ್ಟಾಯ್ತು ಅಂತ ತುಂಡೇ ಹೇಳ್ತಿತ್ತು. ಅಪ್ಪ, ಇದನ್ನ ಮೊದಲೇ ಹೇಳಬಾರದಿತ್ತಾ ಅಂದ್ಲು. ನೀನು ಕೇಳಿದ್ದು ಟೊಪ್ಪಿ ವಿಷಯ, ಮಸಿಬಟ್ಟೆ ವಿಷಯ ಕೇಳಿದ್ಯಾ ಅಂದನಂತೆ ಕಾಟಪ್ಪ. ಗಂಡಸರಿಗೆ ಏನು ಹೇಳೋದು ಹೇಳು.

ಆಮೇಲೆ ಅವಳು ಅವ್ವನ ದಾರ ಪಕ್ಕಕ್ಕಿಟ್ಟಳು. ಆ ದಾರ ಅವ್ವನ ಸಡಿಲ ಕೈಯ ಲೆಕ್ಕ, ನನ್ನದು ಬಿಗಿ ಕೈ ಅಂತ ಆಗ ಹೊಳೀತು. ತನ್ನ ಕೈಯಿಂದಲೇ ಮೂರು ಥರದ ಕಡ್ಡಿಯಲ್ಲಿ ಮೂರು ತುಂಡು ಹೆಣೆದ್ಲು. ಸಣ್ಣ ಕಡ್ಡಿಯದ್ದು ಕುದಿಸಿದ್ರೂ ತೂತು ಮುಚ್ಚಲಿಲ್ಲ, ಬಿಗಿದ ಎಳೆಗೆ ಅಲ್ಲಾಡಿ ಪಕ್ಕದ್ದನ್ನ ಹಿಡ್ಕೊಳ್ಳೋಕೆ ಜಾಗ ಎಲ್ಲಿ? ನಡುಕಡ್ಡಿಯದ್ದು ಅರ್ಧ ಮುಚ್ಚಿತು. ಹೆಬ್ಬೆರಳು ದಪ್ಪದ ಕಡ್ಡಿಯಲ್ಲಿ ಹೆಣೆದಿದ್ದು ನೋಡೋಕೆ ಮೀನಿನ ಬಲೆ ಥರ ಇತ್ತು, ಕುದ್ದಮೇಲೆ ಒಂದು ತೂತಿಲ್ಲ. ಅಗಲಕ್ಕಿಂತ ಉದ್ದದಲ್ಲೇ ಹೆಚ್ಚು ಕುಗ್ಗುತ್ತೆ ಅಂತಲೂ ಗೊತ್ತಾಯ್ತು. ಅದರಂತೆ ಹೊಸ ದಾರಕ್ಕೆ ಹೊಸ ಗಂಟು ಹಾಕಿ, ಸಾಲು ಇನ್ನಷ್ಟು ಸೇರಿಸಿ, ಟೊಪ್ಪಿ ಹೆಣೆದ್ಲಂತೆ.

ಅದನ್ನ ನೋಡೋಕೆ ಊರೇ ಬಂತಂತೆ. ಅಷ್ಟುದ್ದ, ಜೋಲು ಬಿದ್ದಿತ್ತು, ಕರು ಒಳಗೆ ಮಲಗಬಹುದಿತ್ತು. ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು, ತಾಯಿಲ್ಲದ ಹುಡುಗಿಗೆ ತಲೆ ಕೆಟ್ಟಿತು ಅಂದರು. ಹಾಲವ್ವ ತಪ್ಪಲೆಗೆ ನೀರು ತುಂಬಿ ಒಲೆ ಹಚ್ಚಿದ್ಲು. ಕುದಿಸಿದ್ಲು, ಉಜ್ಜಿದ್ಲು, ಈ ಸಲ ನಡುನಡುವೆ ತೆಗೆದು ಮೈಲಾರಿ ತಲೆಯಷ್ಟೇ ದಪ್ಪದ ಗಡಿಗೆ ಮೇಲೆ ಬೋರಲು ಹಾಕಿ ನೋಡ್ತಾ ಹೋದ್ಲು. ಸರಿಯಾಗಿ ಕೂತ ಕೂಡಲೇ ತಣ್ಣೀರಿಗೆ ಹಾಕಿ ಕುಗ್ಗೋದನ್ನ ನಿಲ್ಲಿಸಿದ್ಲು.

ಸೋಮವಾರ ಬಂತು. ದ್ಯಾವಪ್ಪ ವೀಳ್ಯದೆಲೆ ವಾಪಸ್ಸು ಕೊಡೋಕೆ ಅಂತ ಮಡಿಲಲ್ಲಿ ಇಟ್ಕೊಂಡೇ ಬಂದಿದ್ನಂತೆ. ಮೈಲಾರಿ ತಾನಾಗೇ ಬಂದು ಕೂತ. ಚೆಂಬು ಬಗ್ಗಿತು. ಹಾಲವ್ವ ಕಣ್ಣು ಮುಚ್ಕೊಂಡ್ಲು. ಒಂದು ಹನಿ ಸದ್ದಿಲ್ಲ. ದ್ಯಾವಪ್ಪ ಬಗ್ಗಿ ಟೊಪ್ಪಿ ತಳ ಮುಟ್ಟಿ ನೋಡ್ದ, ಒಣಗಿತ್ತು. ನಂಬಿಕೆ ಬರದೆ ಇನ್ನೊಂದು ಚೆಂಬು ಹುಯ್ದ. ಮೈಲಾರಿ ಕೂದಲೆಲ್ಲ ಒಣಗೇ ಇತ್ತು, ಒದ್ದೆಯಾಗಿದ್ದು ಹಾಲವ್ವನ ಕೆನ್ನೆ ಮಾತ್ರ. ದ್ಯಾವಪ್ಪ ದಂಗಾಗಿ, ಇದು ನಿಮ್ಮವ್ವನ ಲೆಕ್ಕವೇನವ್ವ ಅಂತ ಕೇಳಿದ್ದಕ್ಕೆ, ಲೆಕ್ಕ ನಂದು ಮಾವ, ಲೆಕ್ಕ ಹಾಕೋದನ್ನ ಕಲಿಸಿದ್ದು ಅವ್ವ ಅಂದ್ಲಂತೆ. ಅವನು ಮಡಿಲಲ್ಲಿದ್ದ ಎಲೆ ತೆಗೆದು ತಾನೇ ಬಾಯಿಗೆ ಹಾಕ್ಕೊಂಡನಂತೆ.

ಆಮೇಲೆ ಮದುವೆ ಆಯ್ತು. ಗಂಡನ ಮನೆಗೆ ಹೋಗುವಾಗ ಹಾಲವ್ವ ಸೀರೆ ಮರೆತಳು, ಮಸಿಬಟ್ಟೆ ಮರೀಲಿಲ್ಲ. ಮರುವರ್ಷ ಒಂದು ಹೆಣ್ಣುಕೂಸು ಹುಟ್ಟಿತಂತೆ. ಸೋನೆಗೆ ಕೂಸಿನ ತಲೆಗೆ ಏನು ಹಾಕೋದು ಅಂತ ಅತ್ತೆ ಹುಡುಕ್ತಿದ್ರೆ, ಕಾಟಪ್ಪ ತವರಿಂದ ಬಂದವನು ಅಂಗಿ ಜೇಬಿಂದ ಏನೋ ತೆಗೆದು ಕೊಟ್ಟ. ಅದೇ, ಮೊದಲನೇ ಸೋಮವಾರದ ತೆಂಗಿನ ಚಿಪ್ಪಿನಷ್ಟು ಟೊಪ್ಪಿ. ಬಿಸಾಕಿದ್ದನ್ನ ಅವನು ಎತ್ತಿಟ್ಟಿದ್ದ. ಹಾಕಿ ನೋಡಿದ್ರೆ, ಕೂಸಿಗೆ ಅಳತೆ ತಗೊಂಡು ಮಾಡಿದ ಹಂಗೆ ಕೂತಿತಂತೆ. ಹಾಲವ್ವ ಆ ಕೂಸನ್ನ ಎದೆಗೆ ಒತ್ತಿಕೊಂಡು ಅವತ್ತು ಅವ್ವನ್ನ ನೆನೆಸಿಕೊಂಡು ಮನಸಾರೆ ಅತ್ಲಂತೆ.

ಅವರು ಅಲ್ಲಿ ಬೆಚ್ಚಗಿದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೀವಿ. ಬುಟ್ಟಿಯಷ್ಟಿದ್ದ ಕತೆ ಕುದ್ದು ಕುದ್ದು ಇಷ್ಟೇ ಆಯ್ತು, ಮುಗೀತು. ಕಂಬಳಿ ಹೊದ್ಕೊಂಡು ಮಲಕ್ಕೋ ಪುಟ್ಟಿ.