ದಸ್ತಗೀರಸಾಬನೂ ಮಲಗುವ ಸೈಕಲ್ಲೂ

ಬಹಳ ಹಿಂದೆ, ಯಾವ ಇಸವಿ ಎಂದರೆ ಹೇಳುವವರಿಲ್ಲ, ನೇಕಾರರ ಒಂದೂರಿನಲ್ಲಿ ದಸ್ತಗೀರಸಾಬ ಎಂಬ ಸೈಕಲ್ ರಿಪೇರಿಯವನಿದ್ದನಂತೆ. ಟ್ಯೂಬನ್ನು ಕಿವಿಗೆ ಹಿಡಿದೇ ಪಂಕ್ಚರ್ ಎಲ್ಲಿದೆ ಎಂದು ಹೇಳುತ್ತಿದ್ದನಂತೆ, ನೀರಿನ ಬೋಗುಣಿ ಬೇಕಿರಲಿಲ್ಲವಂತೆ. ಡೊಂಕಾದ ಗಾಲಿ ಅವನು ಬೈದರೇ ನೆಟ್ಟಗಾಗುತ್ತಿತ್ತಂತೆ. ಅದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬೈಯುತ್ತಿದ್ದ ಎಂಬುದನ್ನಂತೂ ನಂಬಲೇಬೇಕು, ಯಾಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ.

ಅದೇ ಊರಲ್ಲಿ ಚನ್ನಮಲ್ಲ ಮಾಸ್ತರರಿದ್ದರು. ನಾಲ್ಕು ಮೈಲಿ ದೂರದ ಬಸರಿಹಾಳದ ಶಾಲೆಗೆ ಅವರೊಬ್ಬರೇ ಮಾಸ್ತರರು. ಮಳೆಗಾಲಕ್ಕೆ ಮುಂಚೆ ಶಾಲೆಯ ಹೆಂಚು ಸರಿಮಾಡಲು ಏರಿ, ಜಾರಿ ಬಿದ್ದು, ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಆರು ತಿಂಗಳಿಗೆ ಎದ್ದು ಓಡಾಡಿದರೂ ಸೈಕಲ್ ಸೀಟಿನ ಮೇಲೆ ನೆಟ್ಟಗೆ ಕೂರಲಾಗಲಿಲ್ಲ. ಆಗ ದಸ್ತಗೀರಸಾಬ ಎರಡು ಹಳೇ ಸೈಕಲ್ ಕೊಯ್ದು ಬೆಸೆದು, ನಡುವೆ ಒರಗುಕುರ್ಚಿ ಕೂರಿಸಿ, ಪೆಡಲನ್ನು ಮುಂದಕ್ಕೆ ಒಯ್ದು, ಕಾಲು ಚಾಚಿ ಮಲಗಿಕೊಂಡೇ ತುಳಿಯುವ ಸೈಕಲ್ ಮಾಡಿಕೊಟ್ಟನಂತೆ. ಹ್ಯಾಂಡಲ್ ಕುರ್ಚಿಯ ಅಡಿಗೆ. ಚೈನು ಎರಡು ಸೈಕಲ್ಲಿನದು ಸೇರಿಸಿ ಒಂದು. ನೋಡಲು ಮೂರೂರಿನ ಜನ ಬಂದಿದ್ದರಂತೆ. ಮಾಡುವಾಗ ಅವನು ಎಲ್ಲವನ್ನೂ ಯೋಚಿಸಿದ್ದನಂತೆ, ರಿಪೇರಿ ಒಂದನ್ನು ಬಿಟ್ಟು.

ಸ್ವಲ್ಪ ದಿನಕ್ಕೆ ಹಳ್ಳದ ದಿಬ್ಬ ಏರುವಾಗ ಚೈನು ಕಳಚತೊಡಗಿತು. ಅದೇ ವಾರ ಸುದ್ದಿ ಬಂತು, ಸೋಮವಾರ ತಪಾಸಣೆಗೆ ಸಾಹೇಬರು ಬರುತ್ತಾರೆ, ಮಾಸ್ತರರು ಶಾಲೆಗೆ ಬಂದು ಹೋಗಲಾಗದ ಸ್ಥಿತಿಯಲ್ಲಿದ್ದರೆ ಕೆಲಸದಿಂದ ಬಿಡಿಸಿ ಶಾಲೆಗೆ ಬೀಗ ಹಾಕುತ್ತಾರೆ ಎಂದು. ಬೇರೆ ಮಾಸ್ತರರು ಆ ಊರಿಗೆ ಬರುವ ಮಾತಿರಲಿಲ್ಲ. ಮಾಸ್ತರರು ಇಷ್ಟನ್ನು ಒಮ್ಮೆ ಹೇಳಿ ಅಂಗಡಿಯ ಕಟ್ಟೆಯ ಮೇಲೆ ಒರಗಿಕೊಂಡರು.

ಸೈಕಲ್ ರಿಪೇರಿ ಎಂದರೆ ಅದನ್ನು ತಲೆಕೆಳಗು ಮಾಡಿ ಸೀಟು ಹ್ಯಾಂಡಲ್ ಮೇಲೆ ನಿಲ್ಲಿಸುವುದು. ದಸ್ತಗೀರಸಾಬನಿಗೆ ಗೊತ್ತಿದ್ದದ್ದು ಅದೊಂದೇ, ಅವನ ಅಪ್ಪನಿಗೂ ಅದೊಂದೇ. ತಲೆಕೆಳಗು ಮಾಡಿದ. ಹ್ಯಾಂಡಲ್ ಮೇಲೆ ಬಂತು, ಕುರ್ಚಿ ಮಗುಚಿತು, ಸೈಕಲ್ ಅವನ ಕಾಲಿನ ಮೇಲೆ ಬಿತ್ತು. ಬೇವಿನ ಕೊಂಬೆಗೆ ಹಗ್ಗ ಹಾಕಿ ತೂಗುಬಿಟ್ಟ. ಅದು ತೊಟ್ಟಿಲಿನ ಹಾಗೆ ತೂಗಿ ಬಂದು ಹಣೆಗೆ ಬಡಿಯಿತು. ಹೊರಸಿನ ಮೇಲೆ ಅಡ್ಡ ಮಲಗಿಸಿದ. ಚೈನು ಕೂರಿಸುವ ಮುಂಚೆಯೇ ಜೋತುಬಿದ್ದು ಆ ಹಗ್ಗದ ಮಂಚದ ನುಲಿಗೆ ಸಿಕ್ಕಿಕೊಂಡಿತು. ಹೋಗುವವರು ಬರುವವರು ನಿಂತು ಒಂದೊಂದು ಸಲಹೆ ಕೊಟ್ಟರು. ಒಬ್ಬ ಚಕ್ಕಡಿಗೆ ಕಟ್ಟು ಎಂದ, ಇನ್ನೊಬ್ಬ ಬಾವಿಯ ರಾಟೆಗೆ ಹಾಕು ಎಂದ. ಅವನು ಸಲಹೆ ಕೊಟ್ಟವರನ್ನು ಬೈದ, ಬೇವಿನ ಮರವನ್ನು ಬೈದ, ಇಂಥದ್ದನ್ನು ಮಾಡಿದ ಮೂರ್ಖ ಯಾರು ಎಂದು ತನ್ನನ್ನೇ ಬೈದುಕೊಂಡ.

ಹೇಗೋ ಪಾಡುಪಟ್ಟು ಚೈನು ಕೂರಿಸಿ, ಕೈಯಲ್ಲಿ ತಿರುಗಿಸಿದರೆ ಬೆಣ್ಣೆಯಂತೆ ತಿರುಗುತ್ತಿತ್ತಂತೆ. ಮಾಸ್ತರರು ಹತ್ತಿ ಹೋಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಚೈನು ಮತ್ತೆ ಕಳಚಿ, ಒಂದು ಕೈ ಸೊಂಟದ ಮೇಲೆ, ಒಂದು ಕೈ ಸೈಕಲ್ ಮೇಲೆ ಇಟ್ಟುಕೊಂಡು ನಡೆದು ಬರುತ್ತಿದ್ದರು. ಮೂರು ದಿನ ಹೀಗೇ. ಒಂದು ಮಾತೂ ಆಡುತ್ತಿರಲಿಲ್ಲ. ಬೈದಿದ್ದರೆ ದಸ್ತಗೀರಸಾಬನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಸೋಮವಾರ ಬೆಳಿಗ್ಗೆ, ಅಂಗಡಿಯ ಎದುರು ನೀಲವ್ವ ಎಂಬ ನೇಕಾರ್ತಿ ಬೀದಿಯುದ್ದಕ್ಕೂ ಹಾಸು ಕಟ್ಟಿದ್ದಳು. ಸೀರೆಯ ಉದ್ದೆಳೆಗಳನ್ನೆಲ್ಲ ಬಿಗಿಯಾಗಿ ಎಳೆದು, ಅಡಿಗೆ ಕತ್ತರಿಗೋಲು ಕೊಟ್ಟು, ಗಂಜಿ ಹಚ್ಚುತ್ತಿದ್ದಳು. ಕತ್ತರಿಗೋಲು ಎಂದರೆ ಎರಡು ಬಿದಿರು ಅಡ್ಡಡ್ಡ ಸೇರಿಸಿ ಕಟ್ಟಿದ್ದು, ಕಾಲು ಅಗಲಿಸಿದರೆ ತಗ್ಗುತ್ತದೆ, ಕೂಡಿಸಿದರೆ ಎತ್ತರವಾಗುತ್ತದೆ. ದಸ್ತಗೀರಸಾಬನ ಬೈಗುಳ ಕೇಳಿ ಕೇಳಿ ಅವಳಿಗೂ ತಲೆ ಕೆಟ್ಟಿತ್ತು.

"ಯಣ್ಣಾ, ಸಡ್ಲ ಬಿಟ್ಟ ಹಾಸಿನ್ಯಾಗ ಹರಕ ಎಳಿ ಕಾಣಂಗಿಲ್ಲ, ಬಿಗದ ಮ್ಯಾಲ ಕಾಣತೈತಿ. ನೀ ಬರೇ ಸೈಕಲ್ ನೋಡಾಕತ್ತಿ. ಮಾಸ್ತರ್ನ ಕುಂಡ್ರಿಸಿ ನೋಡು," ಎಂದಳಂತೆ.

ಕುಂಡ್ರಿಸುವುದು ಎಲ್ಲಿ ಎಂದು ಅವನು ಗುರ್ ಎಂದ. ನೀಲವ್ವ ತನ್ನ ಹಾಸಿನ ಅಡಿಯಿಂದ ಎರಡು ಕತ್ತರಿಗೋಲು ಎಳೆದು ಅವನ ಮುಂದೆ ಹಾಕಿದಳು. ಗಂಜಿ ಹಚ್ಚಿದ ಹಾಸು ಒಣಗುವ ಮುಂಚೆ ನೆಲ ಮುಟ್ಟಿದರೆ ತಿಂಗಳ ದುಡಿಮೆ ಮಣ್ಣುಪಾಲು. ಬೀದಿಯ ಹೆಂಗಸರು ಗಂಡಸರು ಓಡಿ ಬಂದು, ಕೋಲಿದ್ದ ಜಾಗದಲ್ಲಿ ತಾವೇ ನಿಂತು, ತೋಳು ಚಾಚಿ ಹಾಸು ಹಿಡಿದರಂತೆ. ಸಲಹೆ ಕೊಟ್ಟವರೂ ಅಲ್ಲಿದ್ದರಂತೆ.

ದಸ್ತಗೀರಸಾಬ ಕೋಲುಗಳ ಕಾಲು ಜಾರದ ಹಾಗೆ ಹಗ್ಗ ಬಿಗಿದು ಸೈಕಲ್ ಏರಿಸಿದ. ಕುರ್ಚಿ ಸರಿಯಾಗಿ ಕೂತಿತು, ಗಾಲಿ ನೆಲ ಬಿಟ್ಟಿತು. ಕಟ್ಟೆಯ ಮೇಲೆ ಒರಗಿ ಕಾಯುತ್ತಿದ್ದ ಮಾಸ್ತರರನ್ನು ಕೂರಿಸಿ, ದಿಬ್ಬದ ಭಾರ ಬರಲೆಂದು ಹಿಂದಿನ ಗಾಲಿಗೆ ತನ್ನ ಚಪ್ಪಲಿ ಒತ್ತಿ ಹಿಡಿದು, ತುಳಿಯಲು ಹೇಳಿದ.

ಆಗ ಕಂಡಿತು. ಮಾಸ್ತರರು ತುಳಿಯುತ್ತಿದ್ದದ್ದು ಎಡಗಾಲಿನಿಂದ ಮಾತ್ರ. ಬಲಗಾಲು ಪೆಡಲಿನ ಮೇಲೆ ಸುಮ್ಮನೆ ಇತ್ತು, ಅದರಲ್ಲಿ ತುಳಿಯುವ ಶಕ್ತಿಯಿರಲಿಲ್ಲ. ಎಡಗಾಲು ತುಳಿದಾಗ ಚೈನು ಬಿಗಿಯುತ್ತಿತ್ತು, ಬಲಗಾಲಿನ ಸರದಿಗೆ ಸಡಿಲಾಗಿ ಕುಣಿದು ಹಲ್ಲು ತಪ್ಪುತ್ತಿತ್ತು. ಬೆನ್ನಿನ ಪೆಟ್ಟು ಬರಬರುತ್ತ ಕಾಲಿಗೂ ಇಳಿದಿತ್ತು, ಊರಿ ನಡೆಯಲು ಹೇಗೋ ಸಾಕಾಗುತ್ತಿತ್ತು, ತುಳಿಯಲು ಸಾಲುತ್ತಿರಲಿಲ್ಲ. ಮೂರು ದಿನದ ಮೌನ ಅದಕ್ಕೇ.

"ದಸ್ತಗೀರಣ್ಣ, ಸಾಹೇಬ್ರಿಗೆ ಗೊತ್ತಾದ್ರ ಶಾಲಿ ಮುಚ್ಚತಾರ," ಎಂದರಂತೆ ಮಾಸ್ತರರು, ಅವನಿಗಷ್ಟೇ ಕೇಳುವ ಹಾಗೆ.

ದಸ್ತಗೀರಸಾಬನಿಗೆ ಕಣ್ಣು ತುಂಬಿ ಬಂದವಂತೆ. ತಲೆಯೆತ್ತಿ ನೋಡಿದರೆ ಹಾಸು ಹಿಡಿದ ಬೀದಿಯೆಲ್ಲ ಆ ಕಾಲನ್ನೇ ನೋಡುತ್ತಿತ್ತು.

"ಇಲ್ಲೇನ ನೋಡ್ತೀರಿ? ಕೈಯಾಗಿನ ಎಳಿ ನೋಡ್ರಿ," ಎಂದು ಗದರಿದ. ಅಷ್ಟು ದಿನ ಅವನ ಮಾತು ಒಬ್ಬರೂ ಕೇಳಿರಲಿಲ್ಲ. ಅವತ್ತು ಎಲ್ಲರೂ ಮುಖ ತಿರುಗಿಸಿದರಂತೆ.

ಅವನು ಚರ್ಮದ ಪಟ್ಟಿ ಕೊಯ್ದು ಮಾಸ್ತರರ ಎಡಪಾದವನ್ನು ಪೆಡಲಿಗೆ ಬಿಗಿದ, ತುಳಿದ ಕಾಲೇ ಹಿಂದಕ್ಕೆಳೆಯಲೂ ಬರಲಿ ಎಂದು. ಬಲಪಾದವನ್ನು ಜಾರದ ಹಾಗೆ ಕಟ್ಟಿದ. ಚೈನಿನ ಅಡಿಗೆ ಒಂದು ಸಣ್ಣ ಗಾಲಿ ಕೊಟ್ಟು ಕುಣಿತ ನಿಲ್ಲಿಸಿದ. ಮಾಸ್ತರರು ಹೊರಟರು. ಈ ಸಲ ನಡೆದು ಬರಲಿಲ್ಲ.

ಸಾಹೇಬರು ಹೋಗುವಾಗ ಇದೇ ಬೀದಿಯಲ್ಲಿ ಜೀಪು ನಿಲ್ಲಿಸಿ, ನಿಮ್ಮ ಮಾಸ್ತರರ ಮೈ ಹೇಗಿದೆ ಎಂದು ವಿಚಾರಿಸಿದರಂತೆ. ಮೈಯೆಲ್ಲ ಗಟ್ಟಿಮುಟ್ಟು ಎಂದು ಬೀದಿಗೆ ಬೀದಿಯೇ ಹೇಳಿತಂತೆ. ಮಾಸ್ತರರು ಇನ್ನೂ ಹನ್ನೊಂದು ವರ್ಷ ಪಾಠ ಹೇಳಿದರು. ಅವರು, ದಸ್ತಗೀರಸಾಬ, ನೀಲವ್ವ ಯಾರೂ ಈಗಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಆ ಬೀದಿಯಲ್ಲಿ ಇವತ್ತಿಗೂ ಸೈಕಲ್ ರಿಪೇರಿಗೆ ಕೊಟ್ಟು ಹೋಗುವ ಹಾಗಿಲ್ಲ. ಕತ್ತರಿಗೋಲಿಗೆ ಏರಿಸಿ, ಮೊದಲು ಅದರ ಯಜಮಾನನನ್ನೇ ಹತ್ತಿಸಿ ಕೂರಿಸುತ್ತಾರೆ. ಅವನು ಪೆಡಲಿಗೆ ಕಾಲಿಟ್ಟ ಕೂಡಲೇ ಸುತ್ತಲಿದ್ದವರೆಲ್ಲ ಮುಖ ಆಚೆ ತಿರುಗಿಸಿ ಹಾಸಿನ ಎಳೆ ನೋಡುತ್ತಾರೆ. ಹಾಸು ಕಟ್ಟದ ದಿನ ಬರೀ ಬೀದಿ ನೋಡುತ್ತ ನಿಲ್ಲುತ್ತಾರೆ.