ಬಾರದವರ ಮನೆ

ನದಿಯ ದಡದ ಒಂದು ಆಶ್ರಮದಲ್ಲಿ ತೋಂಟಯ್ಯ ಎಂಬ ಶಿಷ್ಯನಿದ್ದ. ರೋಗಿಗಳು ಬಂದರೆ ಔಷಧ ಕೊಡುವ ಕೆಲಸ ಅವನದು.

ಆ ವರ್ಷ ಸುತ್ತಲಿನ ಊರುಗಳಲ್ಲಿ ಜ್ವರ ಹಬ್ಬಿತು. ತೋಂಟಯ್ಯ ಕಾಡಿನ ಸೊಪ್ಪೊಂದರ ಕಷಾಯ ಕಾಯಿಸಿ ಕೊಟ್ಟ. ಎರಡು ವಾರದೊಳಗೆ ಜನ ಬಂದು ಕೈಮುಗಿಯತೊಡಗಿದರು.

ಅವನಿಗೆ ತಡೆಯಲಾಗಲಿಲ್ಲ. ಗುರುಗಳಾದ ನಿರ್ವಾಣಸ್ವಾಮಿಗಳ ಬಳಿಗೆ ಓಡಿದ.

“ಬುದ್ಧಿ, ಮೂವತ್ತು ಜನ ಬಂದಿದ್ದರು. ಮೂವತ್ತು ಜನಕ್ಕೂ ವಾಸಿಯಾಗಿದೆ. ಜ್ವರಕ್ಕೆ ಇದೊಂದೇ ಸಾಕು ಅಂತ ಊರೂರಿಗೂ ಹೇಳಿಕಳಿಸೋಣ.”

ಗುರುಗಳು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

“ಎಷ್ಟು ಮನೆಗೆ ಕೊಟ್ಟಿದ್ದೆ?”

“ಐವತ್ತು ಮನೆಗೆ. ಮನೆಗೊಬ್ಬರಂತೆ.”

“ಉಳಿದ ಇಪ್ಪತ್ತು ಜನ?”

“ಬರಲಿಲ್ಲ. ಗುಣವಾದ ಮೇಲೆ ಮರೆತಿರಬೇಕು.”

“ಹೋಗಿ ನೋಡಿಕೊಂಡು ಬಾ.”

ತೋಂಟಯ್ಯನಿಗೆ ಇದು ಬೇಡದ ಕೆಲಸ ಅನ್ನಿಸಿತು. ಆದರೂ ದೋಣಿ ಹತ್ತಿ ಆಚೆ ದಡಕ್ಕೆ ಹೋದ.

ಮೊದಲ ಮನೆಯ ಜಗಲಿಯಲ್ಲಿ ಚೆನ್ನಾಜಮ್ಮ ಕೂತಿದ್ದಳು. ಗಂಡನಿಗೆಂದು ಕಷಾಯ ಒಯ್ದಿದ್ದವಳು.

“ಯಜಮಾನರು ಹೇಗಿದ್ದಾರೆ ತಾಯಿ?”

“ಹೋಗಿಬಿಟ್ರು ಸ್ವಾಮಿ. ಆಸ್ಪತ್ರೆಗೆ ಹೋಗಾಣ ಅಂದೆ. ಆಶ್ರಮದ್ದು ಕುಡಿದಿದ್ದೀನಲ್ಲ, ಇಳಿಯುತ್ತೆ ಬಿಡು ಅಂದ್ರು.”

ಅವಳು ಬೈಯಲಿಲ್ಲ. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ತೋಂಟಯ್ಯ ಅದನ್ನು ಹಿಡಿದುಕೊಂಡು ನಿಂತೇ ಇದ್ದ.

ಪಕ್ಕದ ಮನೆಯ ಮುದುಕ ಬೇಲಿಯಾಚೆಯಿಂದ ಹೇಳಿದ: “ನಮ್ಮನೇಲೂ ಮೂವರಿಗೆ ಬಂದಿತ್ತು. ಏನೂ ಕುಡೀಲಿಲ್ಲ. ಆರು ದಿನಕ್ಕೆ ತಾನಾಗೇ ಬಿಡ್ತು.”

ತೋಂಟಯ್ಯ ಮುಂದಿನ ಮನೆಗೆ ಹೋಗಲಿಲ್ಲ. ಅದೇ ದೋಣಿಯಲ್ಲಿ ತಿರುಗಿ ಬಂದು, ನೇರವಾಗಿ ಅಡುಗೆಮನೆಗೆ ನಡೆದು, ಕಷಾಯದ ಹಂಡೆಯನ್ನು ಅಂಗಳಕ್ಕೆ ಎಳೆದು ಬಗ್ಗಿಸಿದ.

ಸದ್ದು ಕೇಳಿ ಗುರುಗಳು ಹೊರಗೆ ಬಂದರು.

“ಇದು ಔಷಧವಲ್ಲ ಬುದ್ಧಿ, ವಿಷ. ನನ್ನ ಕೈಯಿಂದ ಒಂದು ಜೀವ ಹೋಯಿತು. ಇನ್ನು ಯಾರಿಗೂ ಕೊಡುವುದಿಲ್ಲ.”

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

“ಕೊಡುವುದನ್ನು ನಿಲ್ಲಿಸಿದ್ದು ಸರಿ. ವಿಷ ಅಂತ ಹೇಗೆ ತಿಳಿಯಿತು?”

“ಮೊದಲ ಮನೆಯಲ್ಲೇ ಚೆನ್ನಾಜಮ್ಮನ ಗಂಡ ಹೋಗಿಬಿಟ್ಟಿದ್ದರು. ಮುಂದಿನ ಮನೆಗೆ ಹೋಗಲಿಲ್ಲ.”

“ಮೊದಲು ಔಷಧ ಅಂತ ಹೇಗೆ ತಿಳಿದಿತ್ತು?”

“ಆ ಮೂವತ್ತು ಜನ...” ಎಂದ ತೋಂಟಯ್ಯ, ಬಗ್ಗಿದ ಹಂಡೆಯನ್ನು ನೆಟ್ಟಗೆ ಮಾಡಿ ಇಟ್ಟ.

ಗುರುಗಳು ನದಿಯ ಕಡೆ ನೋಡಿದರು.

“ದೋಣಿ ಇನ್ನೂ ಹೊರಟಿಲ್ಲ, ಹೋಗು. ಹತ್ತೊಂಬತ್ತು ಮನೆ ಉಳಿದಿವೆ. ಜ್ವರ ಬಂದೂ ಕಷಾಯ ಕುಡಿಯದವರ ಮನೆಗಳಲ್ಲೂ ಕೇಳಿಕೊಂಡು ಬಾ.”