ಕಸ್ತೂರಿಯ ಬ್ರೇಕು

ಹದಿಮೂರು ದೇಶಗಳ ದಾರಿ ಬಾಯಿಪಾಠವಿದ್ದ ಚಂಪಾ, ತಾನು ಏಳು ವರ್ಷ ಅಂಗಳ ಗುಡಿಸಿದ ಆಶ್ರಮದ ದಾರಿ ತಪ್ಪಿದ್ದಳು. ಹೊಳೆಯ ದಂಡೆಗೆ ಬಂದರೆ ದಂಡೆಯೇ ಇಲ್ಲ. ಕಣ್ಣು ಹಾಯುವವರೆಗೆ ಅಣೆಕಟ್ಟಿನ ಹಿನ್ನೀರು.

ಸೈಕಲ್ ನಿಲ್ಲಿಸಿ, ಕುರಿ ಕಾಯುತ್ತಿದ್ದ ಮುದುಕಿಯನ್ನು ಕೇಳಿದಳು. "ಯವ್ವಾ, ನೀಲವ್ವ ತಾಯಾರ ಆಶ್ರಮ ಎಲ್ಲೈತಿ?"

"ಹಳೇದು ಬೇಕೋ, ಹೊಸಾದೋ?"

"ಹಳೇದು."

"ಹಂಗಾರ ಈಜು ಬರ್ತೈತೇನು?" ಮುದುಕಿ ನಕ್ಕು, ಕೋಲೆತ್ತಿ ಗುಡ್ಡ ತೋರಿಸಿದಳು. "ಹೊಸಾದು ಅಲ್ಲೈತಿ ನೋಡು. ಮಗಳು ಸತ್ತಾಗಿಂದ ಆ ತಾಯಿ ಮಾತು ಕಮ್ಮಿ ಮಾಡ್ಯಾಳವ್ವಾ."

ಆ ಮಗಳು ಕಸ್ತೂರಿ. ಚಂಪಾ ಹತ್ತಿ ಬಂದದ್ದು ಅವಳದೇ ಸೈಕಲ್.

ಇಬ್ಬರೂ ಕೂಡಿ ಲೋಕ ಸುತ್ತಲು ಹೊರಟಿದ್ದರು. ಪರದೇಶದ ಒಂದು ಘಟ್ಟ ಇಳಿಯುವಾಗ ಕಸ್ತೂರಿ ಕಮರಿಗೆ ಬಿದ್ದಳು. ಸೈಕಲ್ ಬಂಡೆಗೆ ಸಿಕ್ಕಿ ಉಳಿಯಿತು. 'ಬ್ರೇಕ್ ಇದ್ದಕ್ಕಿದ್ದ ಹಾಗೆ ಕೈಕೊಟ್ಟಿತು' ಎಂದು ಚಂಪಾ ನೀಲವ್ವ ತಾಯಿಗೆ ಕಾಗದ ಬರೆದಳು.

ಅದು ಸುಳ್ಳು. ನಿಜ ಹೇಳುವ ಋಣವೊಂದು ಉಳಿದಿತ್ತು. ಅದನ್ನು ಹೊತ್ತು ವರ್ಷವಿಡೀ ಎಲ್ಲೆಲ್ಲೋ ಅಲೆದಳು, ಇಲ್ಲಿಗೆ ಮಾತ್ರ ಬರಲಿಲ್ಲ.

ನೀಲವ್ವ ತಾಯಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಕಾವಿ ಉಡುವ ಮೊದಲು ಗಂಡನ ಲಾರಿ ಗ್ಯಾರೇಜಿನಲ್ಲಿ ಬ್ರೇಕಿನ ಕೆಲಸ ಮಾಡಿದ ಕೈಗಳು ಅವು. ತಲೆ ಎತ್ತಿ ನೋಡಿದರು.

"ಬಂದ್ಯಾ? ಭಾಳ ದೂರ ಆತೇನು?"

ಚಂಪಾ ಬಾಯಿ ತೆರೆದಳು. ಹೊರಗೆ ಬಂದದ್ದು ಮರುಭೂಮಿಯ ಬಿಸಿಲು, ಗಡಿಯ ಪೊಲೀಸರು, ಹಡಗಿನ ಊಟ. ಹೇಳಬೇಕಾದದ್ದೊಂದು ಬಿಟ್ಟು ಎಲ್ಲವನ್ನೂ ಹೇಳಿದಳು.

ತಾಯಿ ಎದ್ದು ಸೈಕಲ್ಲಿನ ಹ್ಯಾಂಡಲ್ ಹಿಡಿದರು. ಬೆರಳು ಚಾಚಿದರು. ಬ್ರೇಕಿನ ಲಿವರಿಗೆ ಉಗುರಷ್ಟೇ ತಾಗಿತು. ಮಗಳ ಕೈಯೂ ಇಷ್ಟೇ ಪುಟ್ಟದಿತ್ತು.

"ಇದು ಹತ್ತರ ಬರಂಗಿಲ್ಲೇನು?"

"ಬರತೈತ್ರಿ. ಪಕ್ಕದಾಗ ಒಂದು ಗುಂಡಿ ಐತಿ, ಅದನ್ನ ತಿರುವಬೇಕು. ಜಾಮ್ ಆಗೈತಿ."

"ಯಾವಾಗಿಂದ?"

ಚಂಪಾ ಚೀಲದಿಂದ ಇಕ್ಕಳ ತೆಗೆದಳು.

"ಬಿಡಿಸು," ಎಂದರು ತಾಯಿ.

ಚಂಪಾ ಇಕ್ಕಳ ಹಾಕಿ ಹಲ್ಲು ಕಚ್ಚಿ ತಿರುವಿದಳು. ಗುಂಡಿಯ ಅಂಚು ಕಿತ್ತು ಬಂತು, ಗುಂಡಿ ಅಲುಗಲಿಲ್ಲ.

"ಮಾತ ಕೇಳವಲ್ದುರೀ ಇದು."

"ನೀ ಎಲ್ಲಿ ಮಾತಾಡಿದಿ? ಜುಲುಮಿ ಮಾಡಿದಿ."

ಚಂಪಾ ಸೀಮೆಎಣ್ಣೆಯ ಡಬ್ಬಿಗೆ ಕೈ ಹಾಕಿದಳು.

"ಅದು ಬ್ಯಾಡ. ಆಯಿಲ್ ಬ್ರೇಕು. ಒಳಗಿನ ರಬ್ಬರ್ ಉಬ್ಬಿದ್ರ ಇದ್ದದ್ದೂ ಹೋಗತೈತಿ."

"ಮತ್ತೇನ ಮಾಡ್ಲಿರೀ?"

"ಕೂಡು."

ತಾಯಿ ಒಲೆಯ ಮೇಲಿನ ಬಿಸಿನೀರು ತಂದರು, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು ಕೊಟ್ಟರು. ಚಂಪಾ ಹನಿ ಹನಿಯಾಗಿ ನೀರು ಬಿಟ್ಟು ಉಜ್ಜಿದಳು. ಸಂದಿಯಿಂದ ಮಣ್ಣು ಬಂತು. ಈ ಸೀಮೆಯದಲ್ಲ, ಬೂದಿ ಬಣ್ಣದ್ದು. ತಾಯಿ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಎಲ್ಲಿಯದೆಂದು ಕೇಳಲಿಲ್ಲ.

"ಈಗ ಲಿವರ್ ಒತ್ತಿ ಹಿಡಿ. ಗುಂಡಿ ಮ್ಯಾಲಿನ ಭಾರ ಇಳೀಲಿ. ಆಮ್ಯಾಲ ತಿರುವು."

ಎರಡೇ ಬೆರಳಿಗೆ ಗುಂಡಿ ತಿರುಗಿತು.

ತಾಯಿ ಮತ್ತೆ ಹ್ಯಾಂಡಲ್ ಹಿಡಿದರು. ಲಿವರ್ ಬೆರಳಿಗೆ ಸಿಕ್ಕಿತು. ಸೈಕಲ್ ಮುಂದೆ ನೂಕಿ ಒತ್ತಿದರು. ಚಕ್ರ ಗಪ್ಪನೆ ನಿಂತಿತು. ಅವರು ಕೈ ಸಡಿಲಿಸಲಿಲ್ಲ.

"ಇಷ್ಟ ಏನು?"

"ಇಷ್ಟರೀ. ಅರ್ಧ ತಾಸಿನ ಕೆಲಸ."

ಆಡಿದ ಮೇಲೆ ಚಂಪಾಳಿಗೆ ತನ್ನ ಮಾತು ತನಗೇ ಕೇಳಿಸಿತು. ಬ್ರಷ್ಷು ಕೆಳಗಿಟ್ಟು ಅಲ್ಲೇ ಕುಳಿತಳು.

"ಬ್ರೇಕ್ ಕೆಟ್ಟಿರಲಿಲ್ಲರಿ, ಅವ್ವಾರ. ಹಿಂದಿನ ದಿನ ಈ ಸೈಕಲ್ ನಾನ ಹೊಡದಿದ್ದೆ. ನನ್ನ ಉದ್ದ ಬೆರಳಿಗೆ ಲಿವರ್ ದೂರ ಮಾಡಿಕೊಂಡಿದ್ದೆ. ರಾತ್ರಿ ಮಳಿ, ಕೆಸರು. ಗುಂಡಿ ಕಚ್ಚಿಕೊಂಡ್ತು. ಘಟ್ಟದ ತುದಿಗೆ ಕಸ್ತೂರಿ ಹೇಳಿದ್ಳು, ಕೈಗೆ ಸಿಗವಲ್ದು, ಬಿಡಿಸಿಕೊಂಡು ಹೋಗೂಣು ಅಂತ. ನಾ ಅವಸರ ಮಾಡಿದೆ. ಕೆಳಗ ಇಳದ ಮ್ಯಾಲ ನೋಡೂಣು ನಡಿ ಅಂದೆ. ನಿನ್ನ ಕೈ ಇನ್ನೂ ಕೂಸಿನ ಕೈ ಅಂತ ನಕ್ಕೆ. ಆಕಿನೂ ನಕ್ಕೋತ ಹತ್ತಿದ್ಳು. ಮೂರನೇ ತಿರುವಿನ್ಯಾಗ ನನ್ನ ಹೆಸರು ಹಿಡದು ಕೂಗಿದ್ಳು. ನಾ ತಿರುಗಿ ನೋಡೂದ್ರಾಗ ದಾರಿ ಖಾಲಿ ಇತ್ತು."

ತಾಯಿಯ ಕೈ ಲಿವರಿನಿಂದ ಜಾರಿತು. ಸೈಕಲ್ ಗೋಡೆಗೆ ಒರಗಿತು. ಅವರು ಬಂದು ಚಂಪಾಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ, ನೆಲದ ಮೇಲೆ ಕುಳಿತರು.

"ಇನ್ನೊಮ್ಮೆ ಹೇಳು," ಎಂದರು. "ಈ ಸಲ ಅವಸರ ಮಾಡಬ್ಯಾಡ."